ಅಪ್ಪಗ ಬರದ ಭಾಷಣ

ಜನವರಿ ೬, ಸಂಜಿ

ಅಪ್ಪ ನಾ ಬರದ ಭಾಷಣ ಮತ್ತ ಹರದ ಒಗದ. ಇದು ಮೂರನೇದ್ದು.

"ಖಡಕ್ ಇಲ್ಲಲೇ ಸುಮೇಧ. ಕೇಳಿದಾಂವ ಎದ್ದ ನಿಂದರಬೇಕು" ಅಂತಾನ ಅಪ್ಪ. ಹಾಲಿನ ಡೇರಿ ಸಂಘದ ಒಂದ ಸೀಟು. ಅದಕ್ಕ ಎದ್ದ ನಿಂತ ಜನ ಎಲ್ಲಿಗೆ ಹೋಗಬೇಕೋ... "ಬಡವರ ಬೆನ್ನೆಲುಬು" ಹಾಕಂತ. ಪಂಚಾಯ್ತಿ ಎಲೆಕ್ಷನ್ನಿಗೂ ಅದನ್ನ ಹಾಕಿದ್ದೆ. ಆವಾಗ ನಾ ಎಂಟನೇತ್ತಾ. ಅಲ್ಲಿಂದ ಅಪ್ಪನ ಭಾಷಣ ಎಲ್ಲಾ ನಂದ. ಅಪ್ಪ ಎಲ್ಲಾ ಎಲೆಕ್ಷನ್ ಸೋತಾನ.

ಪಡಸಾಲ್ಯಾಗ ಮಂದಿ ಕುಂತಾರ. ಅವ್ವ ಚಾ ಇಡಾಕತ್ತಾಳ, ಇವತ್ತ ಎಷ್ಟನೇ ಸಲಾನೋ. ಡೇರಿಗೆ ಹಾಕೂ ಹಾಲೆಲ್ಲಾ ಡೇರಿ ಎಲೆಕ್ಷನ್ನಿನ ಚಾಕ್ಕ ಹೋಗಾಕತ್ತೈತಿ.

ಊರಾಗ ನಮಗ ಈಗೂ 'ಚೇರಮನ್ನರ ಮನಿ' ಅಂತಾರ. ಚೇರಮನ್ ನಮ್ಮಜ್ಜ. ಡೇರಿ ಕಟ್ಟಿದಾಂವ. ಸತ್ತು ಎಷ್ಟೋ ವರ್ಷ ಆತು. ಆವಾಗ ನಮ್ಮ ಹೊಲ ಹೊಳಿತನಕ ಇತ್ತಂತ. ಈಗ ಹೊಳಿ ಕಾಣಬೇಕಂದ್ರ ಮಾಳಗಿ ಹತ್ತಬೇಕು.

ಈ ಸಲ ಅಪ್ಪನ ಎದುರ ಭರಮು. ನಮ್ಮ ಮನ್ಯಾಗ ದನಾ ಕಾಯ್ತಿದ್ದಾಂವ. ಈಗ ಊರಾಗ ಎಲ್ಲಾರಕಿಂತ ಹೆಚ್ಚ ಎಮ್ಮಿ ಅವಂದ.

ಫಿಜಿಕ್ಸ್ ಮುಟ್ಟಿಲ್ಲ. ನಿದ್ದಿ ಬರಾಕತ್ತೈತಿ.

ಜನವರಿ ೯

ಕಾಲೇಜ ಇರೂ ಉಗಾರತನಕ ಹೋದೆ, ಕಾಲೇಜಿಗೆ ಹೋಗಲಿಲ್ಲ. ಬಸ್ ಸ್ಟ್ಯಾಂಡಿನಾಗ ಕುಂತು ನನ್ನ ಕಥಿ ಬರದೆ. ಒಂದೀಟ ಬಂತು. ಅಷ್ಟರಾಗ ನಡಕ "ಮತದಾರ ಬಂಧುಗಳೇ" ಅಂತ ಬಂದಬಿಡ್ತು. ಕೈಗೆ ರೂಢಿ ಆಗೈತಿ. ಹೊಡದ ಹಾಕಿದೆ.

ಅಸದನ ಫ್ಲೆಕ್ಸ್ ಅಂಗಡಿಗೆ ಹೋದೆ. ಹತ್ತನೇತ್ತಾತನಕ ನನ್ನ ಬೆಂಚ್‌ನಾಂವ. ಅಪ್ಪನ ಬ್ಯಾನರ್ ಕಂಪ್ಯೂಟರಿನಾಗ ಹಾಕ್ಕೊಂಡ ಕುಂತಿದ್ದ. ಎಲೆಕ್ಷನ್ ಚಿನ್ಹೆ ಚಾದ ಕಪ್ಪು-ಬಸಿ.

"ಯಾವ ಕಾಲದ ಫೋಟೋಲೇ ಇದು? ಕೂದಲ ಅದಾವ!"

ನಕ್ಕೆ. ಆಮ್ಯಾಲ ಕೇಳಿದ — "ನೀ ಸೈನ್ಸ್ ಯಾಕ ತಗೊಂಡಿ?"

"ಅಪ್ಪ ಅಂದ."

"ನಿಮ್ಮಪ್ಪ ಅನ್ನೂದೆಲ್ಲಾ ನೀನ ಬರದ ಕೊಡ್ತಿ. ಇದೊಂದ ಮಾತ ಅವನ ಸ್ವಂತದ್ದೇನು?"

ಬಸ್ಸಿನಾಗ ಬರೂತನಕ ಅದ ತಲ್ಯಾಗ.

ಜನವರಿ ೧೨

ಆಯಿ — ಅಪ್ಪನ ಅವ್ವ, ಪದ್ಮವ್ವ — ಬಿಸಲಾಗ ಕುಂತ ಹೇಳಿದ್ಲು. ಡೇರಿ ಚಾಲೂ ಆದ ದಿನ ಒಬ್ಬರೂ ಹಾಲ ತರಲಿಲ್ಲಂತ. ಹಾಲ ಮಾರಿದ್ರ ಎಮ್ಮಿ ಬತ್ತತಾವ ಅಂತ ಅಂಜಿಕಿ. ಅಜ್ಜ ತಾನ ಹಾಲಿನ ಕೊಡ ಹೊತ್ತು ಓಣ್ಯಾಗ ಹಾಯ್ದ ಹೋದನಂತ, ಎಲ್ಲಾರೂ ನೋಡಲಿ ಅಂತ. ಅವನ ಹಿಂದ ಒಬ್ಬಾಕಿನ ಬಂದದ್ದು. ಭರಮೂನ ಅವ್ವ ಸಾವಕ್ಕ. ಒಂದ ತಂಬಗಿ ಹಾಲು. ಅದೂ ಸೆರಗ ಮುಚಗೊಂಡು.

ಬೆನ್ನೆಲುಬು ತಗದೆ. ಇದನ್ನ ಬರದೆ. ಒಂದ ಕೂಡ್ರಿಕ್ಯಾಗ ಆತು. ಅಪ್ಪ ಸುರು ಒಂದೀಟ, ಕಡೀಗೆ ಒಂದೀಟ ಓದಿ "ಈಗ ಬಂತ ನೋಡ" ಅಂದ. ನಡುವಿಂದ ಓದಲಿಲ್ಲ.

ಜನವರಿ ೧೪, ಸಂಕ್ರಮಣ

ಡೇರಿ ಮುಂದ ಸಭಾ. ಇಬ್ಬರಿಗೂ ಅದ ಮೈಕು. ಅಪ್ಪ ಚೊಲೋ ಸುರು ಮಾಡಿದ. ಅಜ್ಜ ಕೊಡ ಹೊತ್ತಲ್ಲಿಗೆ ಬಂದು ತಡವರಿಸಿದ. ನಿಂತ. ನೀರ ಕುಡದ. ಆಗಲಿಲ್ಲ. ಹಾಳಿ ನನ್ನ ಕೈಯಾಗ ಕೊಟ್ಟ — "ಓದು."

ಓದಿದೆ. ಸಾವಕ್ಕನ ತಂಬಗಿತನಕ ಬಂದಾಗ ಒಬ್ಬರೂ ಕೆಮ್ಮಲಿಲ್ಲ. ಹೆಣಮಕ್ಕಳ ಸಾಲಿನಾಗ ಅವ್ವ ಸೆರಗ ಕಣ್ಣಿಗೆ ಹಚ್ಚಿದ್ಲು. ಖರೇ ಹೇಳಬೇಕಂದ್ರ ಖುಷಿ ಆತು. ನನ್ನ ಮಾತಿಗೆ ಇಷ್ಟ ಜನ ಸುಮ್ಮನ ಕುಂತದ್ದು ಇದ ಮೊದಲು.

ಮುಗದ ಮ್ಯಾಲ ಭರಮು ಹಂತೇಲಿ ಬಂದ. ಕಣ್ಣ ಕೆಂಪಗಿದ್ದೂ.

"ನಮ್ಮವ್ವನ್ನ ಇಷ್ಟ ಚೊಲೋ ಯಾರೂ ಹೇಳಿರಲಿಲ್ಲ ತಮ್ಮಾ. ನಿಮ್ಮಜ್ಜ ದೊಡ್ಡಾಂವ." ಹೊಂಟಾಂವ ಮತ್ತ ತಿರಗಿದ. "ಆದ್ರ ಓಟ ನಿಮ್ಮಜ್ಜಗ ಹಾಕಾಕ ಬರೂದಿಲ್ಲಲ್ಲ."

ಜನವರಿ ೨೨

ಅಪ್ಪ ಸೋತ. ಬರೇ ಸೋಲಲ್ಲ. ಹಣ್ಣಗಾಯಿ ನೀರಗಾಯಿ.

ಪಡಸಾಲಿ ಖಾಲಿ. ಅಪ್ಪ ಕೌದಿ ಹೊಚಗೊಂಡ ಮಲಗ್ಯಾನ. ಒಂದ ಸಲ ಎದ್ದ, ನನ್ನ ಕಡೆ ನೋಡಿದ.

"ಭರಮೂನ ಅವ್ವನ ಹೆಸರ ಯಾಕ ಹಾಕಿದಿ? ಕೇಳಿದವರೆಲ್ಲಾ ಅತ್ರು, ಹೋಗಿ ಅವಗ ಹಾಕಿದ್ರು. ನನ್ನ ಭಾಷಣದಾಗ ಅವನ ಪ್ರಚಾರ ಮಾಡಿದಿ."

ಇದ್ದದ್ದ ಬರದಿದ್ದೆ ಅಷ್ಟ. ಇದ್ದದ್ದ ಬರದದ್ದೂ ಅದ ಮೊದಲು.

ಊಟ ಮಾಡಲಿಲ್ಲ.

ಜನವರಿ ೨೩, ಮುಂಜಾನಿ

ಅವ್ವ ಕೊಟ್ಟಿಗ್ಯಾಗ ಹಿಂಡಾಕತ್ತಿದ್ಲು. ಹೋಗಿ ಮೇವಿನ ಗ್ವಾದಲಿ ಹಂತ್ಯಾಕ ಕುಂತೆ.

"ನಾ ಬರದದ್ದಕ್ಕ ಸೋತನಂತ, ಅವ್ವಾ."

"ನೀ ಬರದದ್ದ ಚೊಲೋ ಇತ್ತು. ನಾನೂ ಅತ್ತೇನಿ." ಕೈ ನಿಂದರಿಸಲಿಲ್ಲ. "ಅತ್ತು, ಆಮ್ಯಾಲ ಹೋಗಿ ಭರಮೂಗ ಶಿಕ್ಕಾ ಒತ್ತೇನಿ."

ತಿಳೀಲಿಲ್ಲ. ತಿಳೀತು. ಎಮ್ಮಿ ಅವ್ವನ ಹೆಸರಲೆ ಅದಾವು, ಸಂಘದಾಗ ಆಕೀದೂ ಓಟ ಐತಿ...

"ಯಾಕ?"

"ನಿಮ್ಮಪ್ಪ ಗೆದ್ರ ಇಷ್ಟಕ್ಕ ನಿಂದರತಾರೇನು? ಮುಂದ ಜಿಲ್ಲಾ ಪಂಚಾಯ್ತಿ ಅಂತಾರ. ಎಲೆಕ್ಷನ್ ಖರ್ಚಿಗೆ ಇರೂ ಹೊಲಾನೂ ಹೋಗ್ತೈತಿ." ತಂಬಗಿ ಬಗ್ಗಿಸಿ ಕ್ಯಾನಿಗೆ ಸುರುವಿದ್ಲು. "ಲಗ್ನ ಆದಾಗಿಂದ ಮಂದೀಗೆ ಚಾ ಮಾಡೇನಿ, ಸುಮೇಧ. ಓಟಿನ ಚೀಟ್ಯಾಗೂ ಕಪ್ಪು-ಬಸಿ. ನೋಡಿದ ಕೂಡ್ಲೆ ಸಾಕನಿಸ್ತು."

"ಅಪ್ಪಗ ಹೇಳಬ್ಯಾಡ" ಅನ್ನಲಿಲ್ಲ. ಅಂದಿದ್ರ ನನಗ ಹಗರಾಗತಿತ್ತೇನೋ.

ಜನವರಿ ೨೯

ಪ್ರಿಪರೇಟರಿ ಪರೀಕ್ಷಾ, ಫಿಜಿಕ್ಸ್. ಹೆಸರ, ನಂಬರ್ ಬರದು ಕುಂತೆ. ಬೆಲ್ ಆಗೂತನಕ ಕಿಡಕ್ಯಾಗಿಂದ ಕಬ್ಬಿನ ಗಾಡಿ ನೋಡಿದೆ.

ಕಾಲೇಜಿಂದ ಅಪ್ಪಗ ಫೋನ್ ಹೋಗಿತ್ತು. ನಾ ಬಾಗಲ ದಾಟೂದ ತಡ ಕಪಾಳಕ್ಕ ಬಿತ್ತು. ಕೈಚೀಲ ಕಸಗೊಂಡ, ಕಥಿ ಹಾಳಿ ಎಲ್ಲಾ ಜಗ್ಗಿದ.

"ಬರದ ಬರದ ಮನಿ ಹಾಳ ಮಾಡಿದಿ! ಇನ್ನ ಪೆನ್ ಹಿಡದ್ರ ಕೈ ಮುರೀತೇನಿ. ನಿನ್ನಿಂದ ಸೋತೇನಲೇ ನಾ!"

ಬಚ್ಚಲ ಒಲಿ ಉರ್ಯಾಕತ್ತಿತ್ತು. ಹಾಳಿ ತಗೊಂಡ ಅತ್ತಾಗ ಹೊಂಟ. ನನಗ ಬಾಯಿ ಬಿಡಾಕ ಆಗಲಿಲ್ಲ. ಬಿಟ್ರ ಅವ್ವನ ಓಟಿನ ಮಾತ ಹೊರಗ ಬರತಿತ್ತು.

ಅವ್ವ ಅಡ್ಡ ಬಂದ್ಲು. ಕೈಯಾಗ ರೊಟ್ಟಿ ಹಿಟ್ಟು.

"ಅವನ್ಯಾಕ ಹೊಡೀತೀರಿ? ನಿಮಗ ಓಟ ಹಾಕದಾಕಿ ನಾನ್ರಿ."

ಅಪ್ಪಗ ಕೇಳಿಸಲಿಲ್ಲೋ ಏನೋ. ಇನ್ನೊಮ್ಮೆ ಹೇಳಿದ್ಲು. ಅದ ದನಿ, ಏರಿಸಲಿಲ್ಲ. "ಭರಮೂಗ ಹಾಕೇನಿ."

ಅಪ್ಪ ಆಯಿ ಕಡೆ ನೋಡಿದ, ಆಕಿಯಾದ್ರೂ ಏನರೆ ಅಂದಾಳು ಅಂತ.

"ನನಗ ಕಣ್ಣ ಕಾಣೂದಿಲ್ಲಪ್ಪಾ ಶೀತಲ" ಅಂದ್ಲು ಆಯಿ, ಮಗನ ಹೆಸರ ಹಿಡದು. "ನಾ ಎಲ್ಲಿ ಒತ್ತಿನೋ ಏನೋ."

ಅಪ್ಪ ಅಲ್ಲೇ ಬಚ್ಚಲ ಕಟ್ಟಿಮ್ಯಾಲ ಕುಂತ. ಹಾಳಿ ತೊಡಿಮ್ಯಾಲ ಇದ್ದೂ. ಸುಡಲಿಲ್ಲ, ಕೊಡಲೂ ಇಲ್ಲ. ಇಷ್ಟ ಸಣ್ಣ ಮನಷ್ಯಾ ಅಂತ ನನಗ ಗೊತ್ತಿರಲಿಲ್ಲ.

ಫೆಬ್ರವರಿ ೫

ಮನ್ಯಾಗ ಮಾತಿಲ್ಲ. ಅಪ್ಪಗ ತಾಟ ಆಯಿ ಇಡ್ತಾಳ. ಆಕಿಗೂ ಆಗೂದಿಲ್ಲ, ತಡವಿ ತಡವಿ ಇಡ್ತಾಳ. ನಾ ಮಾಳಗ್ಯಾಗ ಮಲಗತೇನಿ. ಹಾಳಿ ಅಪ್ಪನ ಹಾಸಿಗಿ ಬುಡಕ ಅದಾವು. ನಾ ವಾಪಸ್ ಕೇಳಿಲ್ಲ.

ಕಥಿ ಮತ್ತ ಮೊದಲಿಂದ ಬರ್ಯಾಕತ್ತೇನಿ. ಹಳೇದರಾಗ ಅವ್ವ ಇರಲಿಲ್ಲ.

ಫೆಬ್ರವರಿ ೧೧

ಅವ್ವಗ ಜ್ವರ. ಹಾಲ ಹಿಂಡಿ ಬಂದು ಮಲಗಿದ್ಲು. ಕ್ಯಾನ್ ಬಾಗಲದಾಗ ಹಂಗ ಇತ್ತು. ನಾ ಏಳೂದ್ರಾಗ ಅಪ್ಪ ಎತ್ತಿಕೊಂಡ ಹೊಂಟಿದ್ದ.

ಹಿಂದ ಹೋದೆ, ದೂರ. ಡೇರಿ ಮುಂದ ಪಾಳಿ. ಮಂದಿ ನೋಡಿದ್ರು, ಸರದ ಜಾಗಾ ಕೊಟ್ರು. ಅಪ್ಪ ಮುಂದ ಹೋಗಲಿಲ್ಲ. ಕಡೀಗೆ ನಿಂತ. ಒಳಗ ಭರಮು ಇದ್ದ. "ಬರ್ರಿ ಸಾವಕಾರ" ಅಂದ. ಅಪ್ಪ ಕ್ಯಾನ್ ಇಟ್ಟ ಅಷ್ಟ.

ಮನಿಗೆ ಬಂದು ಅವ್ವ ಮಲಗಿದ ಖೋಲಿ ಬಾಗಲದಾಗ ನಿಂತ. "ಹಾಲಿನಾಗ ಫ್ಯಾಟ್ ಕಡಿಮಿ ಬಂತು" ಅಂದ, ಗ್ವಾಡಿಗೆ ಹೇಳಿದಂಗ.

"ಎಮ್ಮಿಗೆ ಹಾಕೂ ಹಿಂಡಿ ಮುಗದೈತಿ" ಅಂದ್ಲು ಅವ್ವ, ಒಳಗಿಂದ.

ಅಷ್ಟ.

ಈಗ ಸಂಜಿ. ಅಪ್ಪ ಮಾಳಗಿ ಮ್ಯಾಲ ಬಂದಾನ. ಕೈಯಾಗ ನನ್ನ ಹಳೇ ಕಥಿ ಹಾಳಿ. ನನ್ನ ಬಾಜೂ ಕುಂತಾನ, ಹೊಳಿ ಕಡೆ ಮಾರಿ ಮಾಡಿ. ಬರಿಯೂದ ಬಿಟ್ಟಿಲ್ಲ ನಾ.

"ಮತ್ತ ಭಾಷಣೇನು?"

"ಅಲ್ಲ. ಕಥಿ."

"ಯಾರ್ದು?"

ನಾ ಅಂದೆ — "ಅವ್ವಂದು."