ಅಸ್ಕ್ ನದಿಗೆ ಮೀನು ಸುರಿಯುವ ಮಾತು

ಏಪ್ರಿಲ್ 9, ಗುರುವಾರ

"ನಿನ್ನ ನದಿ ಸತ್ತಿದೆ ಕಣಮ್ಮ ಎಲುನೆಡ್" ಎಂದು ಹೋದ ವಾರ ಗೆಥಿನ್ ಅಂದಿದ್ದು ಮುಳ್ಳಿನ ಹಾಗೆ ಚುಚ್ಚುತ್ತಲೇ ಇತ್ತು. ಮೀನುಗಾರರ ಸಂಘಕ್ಕೆ ಅವರು ಅಧ್ಯಕ್ಷರು, ನದಿ ಕಾಯುವವಳು ನಾನು. ಯಾರ ಗಾಳಕ್ಕೂ ಒಂದು ಟ್ರೌಟ್ ಮೀನೂ ಬೀಳುತ್ತಿಲ್ಲವೆಂದು, ಈ ಶನಿವಾರ ಲಾರಿಯಲ್ಲಿ ಸಾಕಿದ ಮೀನು ತರಿಸಿ ಅಸ್ಕ್ ನದಿಗೆ ಸುರಿಯಲು ಗೊತ್ತುಮಾಡಿದ್ದರು. ಅವು ಬಂದರೆ ಇಲ್ಲೇ ಹುಟ್ಟಿದವುಗಳ ತುತ್ತು ಕಸಿಯುತ್ತವೆ. ಮೂಡಣ ಗಾಳಿ ನಿಲ್ಲಲಿ, ನೀರಿನ ಚಳಿ ಬಿಡಲಿ, ನಮ್ಮವೇ ಮೇಲೆ ಬರುತ್ತವೆ ಎಂದು ನಾನಂದಿದ್ದಕ್ಕೆ ಸಂಘದವರೆಲ್ಲ ನಕ್ಕಿದ್ದರು.

ಇವತ್ತು ಬೆಳಿಗ್ಗೆ ಗಾಳಿ ತಿರುಗಿತು. ಮೋಡ ಕವಿದು ಹವೆ ಮೆತ್ತಗಾಯಿತು. ಗೆಥಿನ್ ಅವರಿಗೆ ಫೋನ್ ಮಾಡಿ, "ಊಟ ಆಮೇಲೆ ಮಾಡಿ, ಈಗ್ಲೇ ಬನ್ನಿ" ಅಂದೆ. ಗೊಣಗುತ್ತಲೇ ಬಂದರು. ಸೇತುವೆಯ ಕೆಳಗೆ ಕಂದು ರೆಕ್ಕೆಯ ನೊಣಗಳು ನೀರೊಳಗಿಂದ ಎದ್ದು ತೇಲತೊಡಗಿದವು. ಅವನ್ನು ನುಂಗಲು ಮೊದಲು ಒಂದು ಮೀನಿನ ಮೂತಿ ಮೇಲೆ ಬಂತು, ಆಮೇಲೆ ನೀರ ಮೇಲೆಲ್ಲ ಉಂಗುರಗಳು. ಆ ನೊಣದ ಹಾಗೇ ಕಾಣುವಂತೆ ಕೊಕ್ಕೆಗೆ ಗರಿ ಸುತ್ತಿ ನಾನೇ ಕಟ್ಟಿದ ಹುಸಿನೊಣವನ್ನು ಅವರ ಗಾಳದ ದಾರಕ್ಕೆ ಬಿಗಿದೆ. ಎರಡನೆಯ ಎಸೆತಕ್ಕೇ ಒಂದನ್ನು ಹಿಡಿದರು. ನೀರಿನಲ್ಲಿಟ್ಟುಕೊಂಡೇ ಅದರ ಕೆಂಪು ಚುಕ್ಕೆಗಳನ್ನು ನೋಡಿ, ಬಿಟ್ಟುಕೊಟ್ಟರು.

"ಲಾರಿ ಬೇಡ ಅಂದ್ಬಿಡ್ತೀನಿ. ನಿನ್ನ ಮಾತಿಗಲ್ಲ, ತಿಳ್ಕೋ. ಮೀನಿನ ಮಾತಿಗೆ."

"ಅದ್ರ ಮಾತಾದ್ರೂ ಕೇಳಿದ್ರಲ್ಲ, ಬಿಡಿ," ಅಂದೆ.

ಗೆದ್ದೆ ಅನ್ನುವುದಕ್ಕಿಂತ, ಸಂಜೆಯವರೆಗೂ ಮನೆಯ ನೆನಪಿಲ್ಲದೆ ಅವರು ಸೊಂಟದುದ್ದ ನೀರಲ್ಲಿ ನಿಂತಿದ್ದರಲ್ಲ, ಅದೇ ನನಗೆ ಸಂತೋಷ. ನಾಳೆಯೂ ಹವೆ ಹೀಗೇ ಇದ್ದರೆ ಮೇಲಿನ ಮಡುವಿನಲ್ಲಿ... ಕಣ್ಣು ಎಳೆಯುತ್ತಿದೆ.