ಎಂಟು ಗೆಲುವು, ಒಂದು ಸೋಲು

ಪ್ಲೆಸೆಂಟನ್
೧೨ ನವೆಂಬರ್ ೨೦೨೪

ಪ್ರಿಯ ವ್ಯಾಸರಾಜ,

ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. ಬೈಯಬೇಡ, ಬೈದರೂ ಸರಿಯೇ, ತಪ್ಪು ನನ್ನದು. ಈ ಫುಟ್‌ಬಾಲು ಶುರುವಾದ ಮೇಲೆ ನಮ್ಮ ಮನೆಯಲ್ಲಿ ಶನಿವಾರ ಬಿಟ್ಟರೆ ಬೇರೆ ವಾರವೇ ಇಲ್ಲ. ನೀನೂ ನಿನ್ನ ಶಾಲೆಯ ಮಕ್ಕಳೂ ಕ್ಷೇಮವೆಂದು ನಂಬಿದ್ದೇನೆ.

ಮೊದಲು ಸುದ್ದಿ. ಮಗ ಅಜಯನ ಕಾಲೇಜಿನ ತಂಡ ಒಂಬತ್ತು ಆಟಗಳಲ್ಲಿ ಎಂಟು ಗೆದ್ದಿದೆ. ಇದು ನಾವು ಧಾರವಾಡದ ಕೆಸರಿನಲ್ಲಿ ಆಡಿದ ಕಾಲ್ಚೆಂಡಲ್ಲ ಮಾರಾಯ. ಹೆಲ್ಮೆಟ್ಟು ಹಾಕಿಕೊಂಡು ಓಡಿಬಂದು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವ ಆಟ. ಎದುರಾಳಿಯನ್ನು ಕೆಡವುವುದೇ ನಮ್ಮವನ ಕೆಲಸ. ಬರುವ ಶನಿವಾರ ಕೊನೆಯ ಆಟ. ದೊಡ್ಡ ಯೂನಿವರ್ಸಿಟಿಯವರು ತಮ್ಮ ತಂಡಗಳಿಗೆ ಹುಡುಗರನ್ನು ಆರಿಸಲು ಬರುತ್ತಾರಂತೆ.

ಹೋದ ವರ್ಷ ಗೆದ್ದದ್ದು ಮೂರು, ಸೋತದ್ದು ಏಳು. ಆಗಿದ್ದ ಕೋಚು ಅರವತ್ತು ದಾಟಿದವರು, ಮಾತು ಕಡಿಮೆ. ಇಲ್ಲಿ ಹುಡುಗರ ತಂದೆತಾಯಂದಿರದೊಂದು ಕ್ಲಬ್ಬಿದೆ, ಕಾಲೇಜಿನವರು ಅದರ ಮಾತು ಕೇಳುತ್ತಾರೆ. "ಶಿವ್, ನೀನು ಡೇಟಾ ಮನುಷ್ಯ, ಈ ಕೋಚಿನ ಲೆಕ್ಕ ತೆಗೆದುಕೊಡು" ಎಂದು ಎಲ್ಲರೂ ನನ್ನನ್ನು ಹಿಡಿದರು. ನಾನೂ ಉಬ್ಬಿಹೋದೆ. ಸುತ್ತಲಿನ ಹದಿನಾಲ್ಕು ಕಾಲೇಜುಗಳ ಕೋಚುಗಳ ಗೆಲುವು-ಸೋಲು ತೆಗೆದು ಪಟ್ಟಿ ಮಾಡಿದೆ. ನಮ್ಮವರು ಹದಿಮೂರನೆಯವರು. ಮೀಟಿಂಗಿನಲ್ಲಿ ಅದನ್ನು ಗೋಡೆಯ ಮೇಲೆ ತೋರಿಸಿದಾಗ ಯಾರೂ ಎದುರಾಡಲಿಲ್ಲ. ಜನವರಿಯಲ್ಲಿ ಅವರನ್ನು ಕೆಲಸದಿಂದ ತೆಗೆದರು.

ನಿನ್ನ ಶಾಲೆಯ ಎಸ್ಸೆಸ್ಸೆಲ್ಸಿ ರಿಸಲ್ಟು ಶೇಕಡಾ ನಲವತ್ತೆರಡಕ್ಕೆ ಇಳಿದು ನಿನ್ನನ್ನು ಎತ್ತಂಗಡಿ ಮಾಡಿದ್ದು ನೆನಪಿದೆಯಲ್ಲ? ಬೇರೆ ಶಾಲೆಗಳು ಬೇಡವೆಂದ ಮಕ್ಕಳನ್ನೆಲ್ಲ ನೀನು ಸೇರಿಸಿಕೊಂಡಿದ್ದೆ. ಅದು ಗೊತ್ತಿದ್ದೂ ನಾನು, "ರಿಸಲ್ಟು ತೋರಿಸಬೇಕಲ್ಲಪ್ಪಾ ಹೆಡ್ಮಾಸ್ತರೇ" ಎಂದು ಚುಡಾಯಿಸಿದ್ದೆ. ನೀನು ನಕ್ಕುಬಿಟ್ಟೆ. ಆ ನಗು ಈಚೆಗೆ ಪದೇಪದೇ ನೆನಪಾಗುತ್ತದೆ.

ಹೊಸ ಕೋಚು ಬಹಳ ಚುರುಕು. ಆದರೆ ಅಕ್ಟೋಬರಿನಿಂದ ಅಜಯ ಹಗಲಿನಲ್ಲೂ ಕೋಣೆಯ ಪರದೆ ಎಳೆದುಕೊಂಡು ಕೂರುತ್ತಾನೆ. ಬೆಳಕು ಕಣ್ಣಿಗೆ ಚುಚ್ಚುತ್ತದಂತೆ. ಮೊನ್ನೆ, ದಿನಾ ಓಡಾಡುವ ಫ್ರೀವೇಯಲ್ಲಿ ನಮ್ಮೂರಿಗೆ ಇಳಿಯುವ ಎಕ್ಸಿಟ್ಟು ಬಿಟ್ಟು ಇಪ್ಪತ್ತು ಮೈಲಿ ಆಚೆಯ ಬೆರ್ರಿಯೆಸಾವರೆಗೆ ಹೋಗಿ, ಮನೆಗೆ ದಾರಿ ಯಾವುದೆಂದು ಫೋನು ಮಾಡಿದ. ಮಾಧುರಿ ಈಗ ಕುಕ್ಕರನ್ನೇ ಇಡುವುದಿಲ್ಲ, ಸೀಟಿ ಕೂಗಿದರೆ ಅವನು ತಲೆ ಹಿಡಿದುಕೊಳ್ಳುತ್ತಾನೆ. "ಸ್ಕೋರು ಆಮ್ಯಾಲೆ ನೋಡ್ರಿ, ಮೊದ್ಲ ಹುಡುಗನ ಮಾರಿ ನೋಡ್ರಿ" ಅಂತಾಳೆ. ಡಾಕ್ಟರ ಹತ್ತಿರ ಹೋಗೋಣ ಎಂದರೆ ಅಜಯ, "ನೋ ಡ್ಯಾಡ್, ಪ್ಲೀಸ್. ಶನಿವಾರ ಆಡೋಕೆ ಬಿಡಲ್ಲ ಅವರು" ಎಂದ. ಇಷ್ಟು ಉದ್ದದ ಕನ್ನಡ ಅವನ ಬಾಯಲ್ಲಿ ಕೇಳಿ ಯಾವ ಕಾಲವಾಗಿತ್ತೋ. ಆಗಲಿ, ಶನಿವಾರ ಮುಗಿಯಲಿ ಎಂದು ಒಪ್ಪಿಕೊಂಡೆ. ಒಪ್ಪಿದಾಗಿನಿಂದ ನನಗೆ ಹೆದರಿಕೆಯಾಗಿದೆ ವ್ಯಾಸಾ.

ನಿನ್ನ ತಾಯಿಯವರಿಗೆ ನಮಸ್ಕಾರ ತಿಳಿಸು. ನಿನ್ನ ಮಕ್ಕಳಿಗೆ ದೇವರು ಆಯುಷ್ಯ ಆರೋಗ್ಯ ಕೊಡಲಿ. ನಮ್ಮವನ ಹೆಸರಿನಲ್ಲೂ ಒಂದು ದೀಪ ಹಚ್ಚಲು ತಾಯಿಯವರಿಗೆ ಹೇಳು.

ನಿನ್ನ
ಶಿವರಾಜ

ತಾ.ಕ.: ಒಂದು ಮಾತು ಮಾಧುರಿಗೂ ಹೇಳಿಲ್ಲ. ಹಳೆಯ ಕೋಚು ನನಗೆ ಕೊಟ್ಟ ದಾಖಲೆಯಲ್ಲಿ ಇನ್ನೊಂದು ಕಾಲಮ್ಮಿತ್ತು: ತಲೆಗೆ ಪೆಟ್ಟಾಗಿದೆಯೆಂದು ಆಟದಿಂದ ಹೊರಗೆ ಕೂರಿಸಿದ ಹುಡುಗರ ಹೆಸರುಗಳು. ಸೋತ ಏಳು ಆಟಗಳಲ್ಲಿ ನಾಲ್ಕರ ಎದುರು ಅಜಯನ ಹೆಸರಿತ್ತು. ಮಗನನ್ನು ಕೂರಿಸಿದರಲ್ಲ ಎಂಬ ಸಿಟ್ಟು ನನಗೆ. ಇದೆಲ್ಲ ಸೋತವರ ನೆಪ ಎಂದುಕೊಂಡು ಆ ಕಾಲಮ್ಮನ್ನು ಅಳಿಸಿ ಪಟ್ಟಿ ತೋರಿಸಿದೆ.

ಇದನ್ನು ಬರೆಯುತ್ತಿದ್ದಂತೆ ಅಜಯ ಬಂದು ಬಾಗಿಲಲ್ಲಿ ನಿಂತ. "ಡ್ಯಾಡ್, ಹೋದ ಶನಿವಾರ... ಡಿಡ್ ವಿ ವಿನ್?" ಎಂದು ಕೇಳಿದ. ಆ ಆಟವನ್ನು ಅವನೇ ಕೊನೆಯವರೆಗೂ ಆಡಿದ್ದ. ಬೆಳಗಿನಿಂದ ಇದು ಮೂರನೆಯ ಸಲ ಕೇಳುತ್ತಿರುವುದು. ಗೆದ್ದೆವು ಮಗಾ, ಎಂದೆ.