ಖಂಡಪ್ಪನ ಮಂಕಿ ಟೋಪಿ

ದಹಿಸರ್ (ಪೂರ್ವ), ಮುಂಬಯಿ
ರವಿವಾರ, ೧೮ ಮೇ ೨೦೨೫

ಚಿ. ಸ್ನೇಹಲ್‌ಗೆ,

ಅವ್ವಾ, ನಿನ್ನ ಶಂಕ್ರೆಪ್ಪ ಕಾಕಾನ ಆಶೀರ್ವಾದ. ಇಲ್ಲಿ ನಾವಿಬ್ಬರೂ ನೆಟ್ಟಗಿದ್ದೇವೆ. ನಾನು ಮತ್ತು ನಿನ್ನ ಕಾಕೂ ಮಾತು ಬಿಟ್ಟಿದ್ದೇವೆ ಎಂಬುದೊಂದನ್ನು ಬಿಟ್ಟರೆ ಮನೆಯಲ್ಲಿ ಬೇರೆ ತೊಂದರೆಯಿಲ್ಲ. ನಾಸಿಕದಲ್ಲಿ ನಿನ್ನ ಹೊಸ ಆಸ್ಪತ್ರೆ, ಹೊಸ ರೂಮು ಎಲ್ಲ ಒಗ್ಗಿರಬೇಕು. ದ್ರಾಕ್ಷಿ ತಿಂದು ಹೊಟ್ಟೆ ಕೆಡಿಸಿಕೊಳ್ಳಬೇಡ.

ಎರಡು ವಾರದಿಂದ ನೀನು ಫೋನ್ ಮಾಡುತ್ತಿದ್ದೀ, ನಾನು ಎತ್ತಿಲ್ಲ. ತಪ್ಪು ತಿಳಿಯಬೇಡ. ತಿಳಿದರೂ ಅಡ್ಡಿಯಿಲ್ಲ, ಬೇಕೆಂದೇ ಎತ್ತಲಿಲ್ಲ. ಫೋನಿನಲ್ಲಿ ನೀನು ಅರ್ಧ ಹಿಂದಿ ಅರ್ಧ ಕನ್ನಡ ಕಲೆಸಿ, ‘ಕಾಕಾ, ಸುನೋ ನಾ, ಸಿಟ್ಟು ಮಾಡಬೇಡ’ ಎಂದುಬಿಟ್ಟರೆ ನನ್ನ ಸಿಟ್ಟು ಹಿಟ್ಟಾಗುತ್ತದೆ. ಈ ಸಿಟ್ಟನ್ನು ನಾನು ಅಷ್ಟು ಅಗ್ಗಕ್ಕೆ ಬಿಟ್ಟುಕೊಡುವವನಲ್ಲ. ಪತ್ರವಾದರೆ ನೀನು ಅಕ್ಷರದ ಕೆಳಗೆ ಬೆರಳಿಟ್ಟು ಓದಬೇಕು. ಮೇ ತಿಂಗಳ ಸೂಟಿಯಲ್ಲಿ ನಿನ್ನನ್ನು ಎದುರಿಗೆ ಕೂರಿಸಿಕೊಂಡು ಅ ಆ ಇ ಈ ತಿದ್ದಿಸಿದವನು ನಾನು. ಊರ ಸಾಲೆಯಲ್ಲಿ ಏಳನೆಯ ಇಯತ್ತೆ ಕಲಿತವನ ಅಕ್ಷರ ಇವತ್ತಿಗೂ ಎಷ್ಟು ದುಂಡಗಿದೆ ನೋಡು. ನಿಮ್ಮ ಡಾಕ್ಟರರಲ್ಲಿ ಒಬ್ಬನಾದರೂ ಹೀಗೆ ಬರೆದು ತೋರಿಸಲಿ.

ಇನ್ನು ವಿಷಯಕ್ಕೆ ಬರುತ್ತೇನೆ. ನನಗೆ ಎಲ್ಲಾ ಗೊತ್ತಾಗಿದೆ.

ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಖಂಡಪ್ಪ ನಮ್ಮ ಮನೆಗೆ ಬಂದದ್ದು ನಿನಗೆ ನೆನಪಿರಲೇಬೇಕು, ಕಳಿಸಿದವಳೇ ನೀನು. ಆಗ ನಾನು ಹೇಗಿದ್ದೆ ಎಂದು ನಿನ್ನ ಕಾಕೂ ನಿನಗೆ ಬಣ್ಣ ಬಳಿದು ಹೇಳಿರಬೇಕು. ಬೈಕುಲ್ಲಾದ ಗೋದಾಮು ಮುಚ್ಚಿತ್ತು. ಹಮಾಲರ ಮೇಲಿನ ಮುಕಾದಮನಾಗಿ ಅಷ್ಟು ವರ್ಷ ಬೆಳಗಿನ ಲೋಕಲ್ ಹಿಡಿದು, ದಾದರಿನಲ್ಲಿ ಸೇತುವೆ ಹತ್ತಿ ಇಳಿದು ಗಾಡಿ ಬದಲಿಸಿದವನಿಗೆ ಒಮ್ಮೆಲೇ ಹೋಗಲು ಜಾಗವೇ ಇಲ್ಲವಾಯಿತು. ಸ್ವಲ್ಪ ಮಲಗಿದೆ. ಅದನ್ನು ನೀನು ಡಿಪ್ರೆಶನ್ ಎಂದೆ. ಅದು ಬಂಗಲೆಯವರಿಗೆ ಬರುವ ಬೇನೆ, ಎರಡು ಕ್ವಿಂಟಲ್ ಉಳ್ಳಾಗಡ್ಡಿ ಒಮ್ಮೆಗೆ ಎತ್ತಿದ ಬೆನ್ನಿಗೆ ಬರುವುದಿಲ್ಲ ಎಂದು ನಾನು ಹೇಳಿದೆ. ದಿನಾ ಅರ್ಧ ತಾಸು ಮೈ ಬೆವರಿಸಿದರೆ ಮನಸ್ಸಿನ ಭಾರ ಇಳಿಯುತ್ತದೆ, ನಿದ್ದೆ ಬರುತ್ತದೆ, ಬಾ ಗಾರ್ಡನ್ನಿಗೆ ಎಂದು ನೀನು ಕೈ ಹಿಡಿದು ಎಳೆದೆ. ನಾನು ಗೋಡೆಯ ಕಡೆ ಹೊರಳಿದೆ.

ಅದಾದ ಮೇಲೆ ಒಂದು ಬೆಳಿಗ್ಗೆ ಈ ಖಂಡಪ್ಪ ನಮ್ಮ ಹಿಟ್ಟಿನ ಚೀಲ ಹೊತ್ತು ಬಾಗಿಲಲ್ಲಿ ನಿಂತಿದ್ದ. ನಿನ್ನ ಕಾಕೂ ಸುಂದ್ರವ್ವ ಜೋಳ ಬೀಸಲು ಒಯ್ಯುವ ಗಿರಣಿಯವನು. ಅಂಥ ಸೆಖೆಯಲ್ಲೂ ತಲೆಗೆ ಮಂಕಿ ಟೋಪಿ, ಕಿವಿ ಕುತ್ತಿಗೆ ಎಲ್ಲ ಮುಚ್ಚಿದ್ದ. ನಿದ್ದೆ ಬರುವುದಿಲ್ಲ, ಎದೆ ಹೊಡೆದುಕೊಳ್ಳುತ್ತದೆ, ಸಾಮು ಮಾಡು ಎಂದು ಡಾಕ್ಟರ್ ಹೇಳಿದ್ದಾರೆ, ನನಗೆ ಒಂದು ಬಸ್ಕಿ ಹೊಡೆಯುವುದೂ ತಿಳಿಯದು, ನೀವು ದೊಡ್ಡ ಪೈಲ್ವಾನರಂತೆ, ಕಲಿಸಿಕೊಡಿ ಎಂದು ಕೈ ಮುಗಿದ. ಬಾಗಿಲಿಗೆ ಬಂದ ಶಿಷ್ಯನನ್ನು ವಸ್ತಾದನಾದವನು ತಿರುಗಿಸಿ ಕಳಿಸಬಾರದು. ಅದು ಗರಡಿ ಮನೆಯ ಕಾಯಿದೆ. ಎದ್ದೆ. ಚಪ್ಪಲಿ ಎಲ್ಲಿಟ್ಟಿದ್ದೆನೆಂಬುದೇ ಮರೆತಿತ್ತು; ನಿನ್ನ ಕಾಕೂ ಮೊದಲೇ ತೆಗೆದು ಬಾಗಿಲಲ್ಲಿಟ್ಟಿದ್ದಳು. ಆಗಲೇ ನನಗೆ ಸಂಶಯ ಬರಬೇಕಿತ್ತು.

ಒಂದು ವರ್ಷ ಅವನಿಗೆ ಸಾಮು ಕಲಿಸಿದೆ. ಮಳೆ ಬಂದ ದಿನ ಬಿಲ್ಡಿಂಗಿನ ಜಿನೆಯ ಮೆಟ್ಟಿಲು ಹತ್ತಿಸಿ ಇಳಿಸಿದೆ. ನಾನು ಇಪ್ಪತ್ತು ಬಸ್ಕಿ ಹೊಡೆದರೆ ಅವನು ಹನ್ನೆರಡಕ್ಕೆ ಕೂತು ಏದುಸಿರು ಬಿಡುತ್ತಿದ್ದ. ‘ವಸ್ತಾದ, ನಿಮ್ಮ ಜೀವ ಕಬ್ಬಿಣದ್ದು’ ಎನ್ನುತ್ತಿದ್ದ. ನಾನು ಬೆನ್ನಿಗೆ ಗುದ್ದಿ ಎಬ್ಬಿಸುತ್ತಿದ್ದೆ. ಅವನನ್ನು ನಗಿಸಲೆಂದು ಹಳೆಯ ಜೋಕು ಹುಡುಕುತ್ತಿದ್ದೆ. ಅವನು ಬರದಿದ್ದರೆ ಬೇಜಾರಾಗುತ್ತದೆಂದು ಜ್ವರ ಬಂದಾಗಲೂ ಹೋದೆ. ಗಾರ್ಡನ್ನಿನ ಬೆಂಚುಗಳ ಮೇಲೆ ಕೂತವರಿಗೆಲ್ಲ ಭಾಷಣ ಕೊಟ್ಟೆ: ನೋಡಿರಿ, ಈ ಮನುಷ್ಯ ಬಂದಾಗ ಸತ್ತ ಮೋರೆ ಹಾಕಿಕೊಂಡು ಬಂದಿದ್ದ, ಈಗ ನಿದ್ದೆ ಬರುತ್ತದೆ, ಎರಡು ರೊಟ್ಟಿಯ ಜಾಗದಲ್ಲಿ ನಾಲ್ಕು ತಿನ್ನುತ್ತಾನೆ, ಮೈ ಬೆವತರೆ ಮನಸ್ಸು ಹಗುರಾಗುತ್ತದೆ, ನನ್ನ ಹತ್ತಿರ ಇದಕ್ಕೆ ಔಷಧವಿದೆ. ಲಾಫ್ಟರ್ ಕ್ಲಬ್ಬಿನ ಕಸ್ತೂರಿಬಾಯಿ ತಲೆಯಾಡಿಸಿ ಕೇಳುತ್ತಿದ್ದಳು. ಅವಳಿಗೂ ಗೊತ್ತಿತ್ತಂತೆ. ಇಡೀ ಗಾರ್ಡನ್ನಿಗೆ ಗೊತ್ತಿತ್ತಂತೆ. ಅವರು ವರ್ಷಪೂರ್ತಿ ನಕ್ಕದ್ದು ಯಾವ ಜೋಕಿಗೆ ಎಂದು ಈಗ ತಿಳಿಯಿತು.

ಸಿಕ್ಕಿಬಿದ್ದದ್ದು ನನ್ನ ಕಿಡಿಗೇಡಿತನದಿಂದ. ಎರಡು ವಾರದ ಹಿಂದೆ, ಬೆಳಗಿನ ಏಳಕ್ಕೇ ಬೆವರು ಇಳಿಯುವಂಥ ಸೆಖೆ. ಟೋಪಿ ತೆಗೆ ಎಂದರೆ ಎಂದಿನಂತೆ ಕಿವಿಗೆ ಗಾಳಿ ಹತ್ತುತ್ತದೆ ಎಂದ. ಮುಂಬಯಿಯ ಮೇ ತಿಂಗಳಲ್ಲಿ ಎಲ್ಲಿಯ ಗಾಳಿ? ಅವನು ಬಗ್ಗಿ ಬೂಟಿನ ಲಾಡಿ ಕಟ್ಟುತ್ತಿದ್ದಾಗ ಹಿಂದಿನಿಂದ ಹೋಗಿ ಟೋಪಿ ಕಿತ್ತು ಓಡಿದೆ. ಎಲ್ಲರೂ ನಕ್ಕರು. ನಾನೂ ನಗುತ್ತ ತಿರುಗಿ ನೋಡಿದೆ.

ಅವನ ಎರಡೂ ಕಿವಿ ಹಿಂಡಿದ ಕಡುಬಿನಂತೆ ಮುದುಡಿ ಗಟ್ಟಿಯಾಗಿದ್ದವು.

ನಿನಗೆ ಅರ್ಥವಾಗಲಿಕ್ಕಿಲ್ಲ. ವರ್ಷಗಟ್ಟಲೆ ಕೆಮ್ಮಣ್ಣಿನಲ್ಲಿ ತಲೆಗೆ ತಲೆ ಕೊಟ್ಟು ತಿಕ್ಕಾಡಿದವನ ಕಿವಿ ಮಾತ್ರ ಹಾಗಾಗುತ್ತದೆ. ಒಮ್ಮೆ ಮುರಿದರೆ ಸಾಯುವವರೆಗೆ ಹಾಗೇ. ನಮ್ಮ ಕಡೆ ಹುಡುಗರು ಪೈಲ್ವಾನನ ಮುಖ ನೋಡುವುದಿಲ್ಲ, ಕಿವಿ ನೋಡಿ ನಮಸ್ಕಾರ ಮಾಡುತ್ತಾರೆ.

ನಾನು ಟೋಪಿ ಹಿಡಿದು ನಿಂತೇ ಕೇಳಿದೆ: “ಯಾವ ತಾಲೀಮಪಾ ನಿಂದು, ಯಾವ ಗರಡಿ?”

“ಅಥಣಿ ಕಡೇದ್ರಿ. ಹರೇದಾಗ ಆಡ್ತಿದ್ನಿ.”

“ಮತ್ತ ಹನ್ನೆರಡ ಬಸ್ಕಿಗೆ ತೇಕ ಯಾಕ ಹತ್ತತಿತ್ತು?”

ಕಸ್ತೂರಿಬಾಯಿ ನಡುವೆ ಬಾಯಿ ಹಾಕಿ, ಇನ್ನು ಹೇಳಿಬಿಡಿ ಖಂಡಪ್ಪಾ, ಪುಣ್ಯದ ಕೆಲಸವನ್ನೇ ಮಾಡಿದ್ದೀರಿ ಎಂದಳು. ಆಗ ಬಿಚ್ಚಿದ. ಭುಜ ನೋವೆಂದು ನಿನ್ನ ಹಳೆಯ ದಹಿಸರ್ ಕ್ಲಿನಿಕ್ಕಿಗೆ, ವ್ಯಾಯಾಮದ ಚಿಕಿತ್ಸೆಗೆ, ಬರುತ್ತಿದ್ದನಂತೆ. ಬಡ ಮಾರಿ ಮಾಡಿಕೊಂಡು ಹೋಗು ಎಂದು ಅವನನ್ನು ತಯಾರು ಮಾಡಿದವಳು ನೀನಂತೆ. ಕಿವಿ ಕಂಡರೆ ಕಾಕಾಗೆ ತಿಳಿಯುತ್ತದೆಂದು ಟೋಪಿಯ ಉಪಾಯ ಮಾತ್ರ ಅವನದು.

“ಸ್ನೇಹಲ್ ಅಕ್ಕಾರು ಅಂದ್ರು,” ಎಂದ, “ಕಾಕಾಗ ನಡಿ ಅಂದ್ರ ನಡ್ಯಾಂಗಿಲ್ಲ, ಕಲಸಾಕ ಬರ್ರಿ ಅಂದ್ರ ಓಡಿ ಬರ್ತಾನ ಅಂತ.”

ನನ್ನನ್ನು ಅಷ್ಟು ಚೆನ್ನಾಗಿ ಓದಿದ್ದೀಯಲ್ಲ, ಅವ್ವಾ. ಅಕ್ಷರ ಕಲಿಸಿದ್ದು ಸಾರ್ಥಕವಾಯಿತು.

ಗರಡಿಯಲ್ಲಿ ನೂರಾ ಕುಸ್ತಿ ಎಂದೊಂದಿದೆ. ಇಬ್ಬರೂ ಒಳಗೊಳಗೇ ಮಾತಾಡಿಕೊಂಡು, ಒಬ್ಬ ಬೇಕೆಂದೇ ಬೀಳುವ ಕುಸ್ತಿ. ನೋಡುವ ಜನಕ್ಕೆ ಮೋಸ. ಆದರೆ ಅದರಲ್ಲೂ ಆಡುವ ಇಬ್ಬರಿಗೆ ಗೊತ್ತಿರುತ್ತದೆ. ನೀನು ಆಡಿಸಿದ ಕುಸ್ತಿಯಲ್ಲಿ ನೋಡುವವರಿಗೆಲ್ಲ ಗೊತ್ತಿತ್ತು, ಗೆದ್ದು ತೊಡೆ ತಟ್ಟಿದವನಿಗೊಬ್ಬನಿಗೆ ಗೊತ್ತಿರಲಿಲ್ಲ. ಸೋತವನ ಬೆನ್ನಿಗೆ ಹತ್ತಿದ ಮಣ್ಣು ನೀರಿಗೆ ತೊಳೆದು ಹೋಗುತ್ತದೆ. ಗೆಲ್ಲಿಸಲ್ಪಟ್ಟವನ ಮಣ್ಣು ಎಲ್ಲಿ ಹತ್ತಿರುತ್ತದೆಂದು ಹುಡುಕಿ ತೊಳೆಯುವುದು?

ಅಲ್ಲಿಂದ ಹೊರಟ ನನಗೆ ಖಂಡಪ್ಪನನ್ನು ಒಂದು ಮಾತು ಕೇಳದೆ ಇರಲಾಗಲಿಲ್ಲ. ಮೊದಲ ದಿನ ನನ್ನ ಕಿವಿ ನೋಡಿದ್ದೆಯಾ ಎಂದೆ. ನೋಡಿದ್ದೆ ಎಂದ. ನೋಡಿ ಏನು ತಿಳಿದೆ ಎಂದೆ. ಬಗ್ಗಿ, ಬಿಟ್ಟುಹೋಗಿದ್ದ ಲಾಡಿ ಕಟ್ಟುತ್ತ, “ನಿಮ್ಮ ಕಿವಿ ಭಾಳ ಚಂದ ಅದಾವ್ರಿ, ವಸ್ತಾದ” ಎಂದ.

ಸುತ್ತಲಿನವರಿಗೆ ಅದು ಹೊಗಳಿಕೆ. ನಮ್ಮಿಬ್ಬರಿಗೆ ಮಾತ್ರ ಅದರ ಪೆಟ್ಟು ಗೊತ್ತು: ಚಂದದ ಕಿವಿ ಎಂದರೆ ಮಣ್ಣಿಗಿಳಿಯದವನ ಕಿವಿ. ಪಟ್ಟು ತಪ್ಪಿಸಿ ಚುರುಕಾಗಿ ಆಡಿದವನ ಕಿವಿ ಮುರಿಯುವುದಿಲ್ಲ, ಅದನ್ನು ಅವನಿಗೆ ಯಾರೂ ಕಲಿಸಿಲ್ಲ. ನೀನೂ ಬೇರೆ ಏನೂ ತಿಳಿಯಬೇಡ.

ಅವನು ಗಾರ್ಡನ್ನಿನ ಗೇಟಿನವರೆಗೆ ನನ್ನ ಹಿಂದೆ ಬಂದ. ಅಲ್ಲಿ ಇನ್ನೊಂದು ಮಾತು ಹೇಳಿದ. ಅದನ್ನು ಇಲ್ಲಿ ಬರೆಯುವುದಿಲ್ಲ.

ಮನೆಗೆ ಬಂದರೆ ನಿನ್ನ ಕಾಕೂ ರೊಟ್ಟಿ ಬಡಿಯುತ್ತಿದ್ದಳು. ನಿನಗೂ ಗೊತ್ತಿತ್ತೇನು ಎಂದು ಕೇಳಿದೆ. ಕೈ ನಿಲ್ಲಿಸದೆ ಹೂಂ ಎಂದಳು. ಇಷ್ಟು ವರ್ಷ ನಿನ್ನ ಜೊತೆ ಬಾಳ್ವೆ ಮಾಡಿದೆ, ಹೊರಗಿನವನ ಜೊತೆ ಸೇರಿ ನನ್ನನ್ನು ಕುಣಿಸಿದೆಯಲ್ಲ ಎಂದೆ.

“ನೀವು ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ರಿ,” ಎಂದಳು. “ನಾ ಯಾರಿಗ ಹೇಳ್ಲಿ, ಗ್ವಾಡಿಗೆ ಹೇಳ್ಲೇನು?” ಆಮೇಲೆ ತಾಟು ಮುಂದೆ ತಳ್ಳಿ, “ಖಂಡಪ್ಪ ಸುಳ್ಳ ಅನ್ರಿ, ಟೋಪಿ ಸುಳ್ಳ ಅನ್ರಿ. ಒಂದ ವರ್ಷ ನೀವ ಗೊರಕಿ ಹೊಡದ ನಿದ್ದಿ ಮಾಡಿದ್ದು ಸುಳ್ಳೇನು?” ಎಂದಳು.

ಅಂದಿನಿಂದ ಮಾತು ಬಿಟ್ಟೆ. ನಿಜ ಹೇಳಬೇಕೆಂದರೆ, ಆ ಪ್ರಶ್ನೆ ಬಾಯಿಗೆ ಬೀಗ ಹಾಕಿತು. ಖಂಡಪ್ಪನಿಗೆ ನಿದ್ದೆ ಬಂತು, ಹಸಿವಾಯಿತು, ನಗು ಬಂತು ಎಂದು ಗಾರ್ಡನ್ನಿನಲ್ಲಿ ಸಾರಿಕೊಂಡು ಬಂದೆನಲ್ಲ. ಅವನ ಮನೆಗೆ ಹೋಗಿ ನಾನೇನು ನೋಡಿದ್ದೆನೇ? ಅದೆಲ್ಲ ಆಗಿದ್ದು ಯಾರಿಗೆ ಎಂದು ಇವಳು ಪಕ್ಕದಲ್ಲೇ ಮಲಗಿ ನೋಡಿದ್ದಾಳೆ. ನೀನು ಹೇಳಿದ ಔಷಧ ಸುಳ್ಳಲ್ಲ. ಕುಡಿಸಿದ ರೀತಿ ಮೋಸದ್ದು. ಬೆಲ್ಲದಲ್ಲಿ ಗುಳಿಗೆ ಮುಚ್ಚಿ ಕೂಸಿಗೆ ಕೊಡುತ್ತಾರೆ, ಮುಕಾದಮನಿಗೆ ಕೊಡುವುದಿಲ್ಲ.

ಅಂದಿನಿಂದ ನಾನು ಗಾರ್ಡನ್ನಿಗೆ ಹೋಗಿಲ್ಲ. ಖಂಡಪ್ಪ ಮಾತ್ರ ಬೆಳಿಗ್ಗೆ ಬಿಲ್ಡಿಂಗಿನ ಕೆಳಗೆ ಬಂದು ನಿಲ್ಲುತ್ತಾನೆ. ಈಗ ತಲೆಯ ಮೇಲೆ ಟೋಪಿ ಇಲ್ಲ, ಅದು ನನ್ನ ಹತ್ತಿರವೇ ಇದೆ. ಕೂಗುವುದಿಲ್ಲ, ಮೇಲೆ ನೋಡುವುದಿಲ್ಲ. ಸ್ವಲ್ಪ ಹೊತ್ತು ನಿಂತು ಗಿರಣಿ ತೆರೆಯಲು ಹೋಗುತ್ತಾನೆ. ನಿನ್ನೆ ಅಲ್ಲೇ ಗೇಟಿನ ಪಕ್ಕ ಬಸ್ಕಿ ಹೊಡೆದ. ಮಗ್ಗದ ಲಾಳಿ ಓಡಿದ ಹಾಗೆ, ಒಂದೇ ಲಯ, ಒಂದೇ ಉಸಿರು. ಕಿಟಕಿಯ ಸರಳಿನ ಹಿಂದೆ ನಿಂತು ನೋಡಿದೆ. ಚಂದ ಹೊಡೆಯುತ್ತಾನೆ, ಸೂಳೆಮಗ. ಒಂದು ವರ್ಷ ಅದನ್ನು ನನ್ನಿಂದ ಬಚ್ಚಿಟ್ಟನಲ್ಲ ಎಂದು ಮತ್ತೆ ಹೊಟ್ಟೆ ಉರಿಯಿತು.

ಇರಲಿ. ನಿನ್ನ ಕೈಗುಣ ಹೆಚ್ಚಲಿ. ನಿನ್ನ ಹತ್ತಿರ ಕುಂಟುತ್ತ ಬಂದವರು ನೆಟ್ಟಗೆ ನಡೆದು ಹೋಗಲಿ. ಹೊತ್ತಿಗೆ ಸರಿಯಾಗಿ ಉಣ್ಣು, ನಿನ್ನ ಅಪ್ಪ ಸಿದ್ದಲಿಂಗಪ್ಪನಿಗೆ ಆಗಾಗ ಫೋನ್ ಮಾಡು, ಅವನು ಎತ್ತುತ್ತಾನೆ. ಸಿಟ್ಟಿನಲ್ಲಿದ್ದರೂ ನಾನು ನಿನಗೆ ಕೆಟ್ಟದ್ದು ಬಯಸಲಾರೆ, ಅದು ನಿನಗೆ ಗೊತ್ತು. ಗೊತ್ತಿದ್ದೇ ಅಲ್ಲವೆ ಇಷ್ಟು ಧೈರ್ಯ ಮಾಡಿದ್ದು.

ಇಂತಿ,
ಗೆಲ್ಲಿಸಲ್ಪಟ್ಟ ನಿನ್ನ ಕಾಕಾ,
ಶಂಕ್ರೆಪ್ಪ

ತಾ.ಕ.: ಗೇಟಿನ ಹತ್ತಿರ ಖಂಡಪ್ಪ ಹೇಳಿದ್ದು ಇದು: “ವಸ್ತಾದ, ‘ಬೆಳಗಾಗೂದ ಬ್ಯಾಡ ಅನಸ್ತದ’ ಅಂತ ನೀವು ಅಂದಿದ್ದನ್ನ ನನ್ನ ಮುಂದ ಹೇಳುವಾಗ ಸ್ನೇಹಲ್ ಅಕ್ಕಾರು ಭಾಳ ಅತ್ತರ್ರಿ.”

ಆ ಮಾತು ನಾನು ನಿನಗೊಬ್ಬಳಿಗೇ ಹೇಳಿದ್ದೆ, ಸ್ನೇಹಲ್. ಸುಂದ್ರವ್ವನಿಗೂ ಹೇಳಿರಲಿಲ್ಲ. ಯಾರಿಗೂ ಹೇಳಬೇಡ ಎಂದು ನಿನ್ನ ಕೈ ಹಿಡಿದು ಹೇಳಿದ್ದೆ, ನೀನು ಹೂಂ ಎಂದಿದ್ದೆ. ಕುಸ್ತಿ, ಕಿವಿ, ಗಾರ್ಡನ್ನಿನ ನಗು, ಇವೆಲ್ಲ ಮೇಲಿನ ಗಾಯ. ಆ ನಿನ್ನ ಹೂಂ ನನ್ನನ್ನು ಒಳಗೆ ಕುಯ್ದಿದೆ. ಹಿಟ್ಟಿನ ಗಿರಣಿಯವನ ಬಾಯಲ್ಲಿ ನನ್ನ ಮಾತು ನನಗೇ ತಿರುಗಿ ಬಂತಲ್ಲ.

ಗಾರ್ಡನ್ ಬಿಟ್ಟು ಎರಡು ವಾರವಾಯಿತು, ಈ ನಾಲ್ಕೈದು ದಿನದಿಂದ ಆ ಮಾತು ಮತ್ತೆ ಬಂದು ಎದೆಯ ಮೇಲೆ ಕೂರುತ್ತಿದೆ. ಇದನ್ನೂ ನಿನಗೇ ಬರೆಯುತ್ತಿದ್ದೇನೆ, ಬೇರೆ ಯಾರಿದ್ದಾರೆ? ಬೆರಳಿಟ್ಟು ಮತ್ತೊಮ್ಮೆ ಓದಿ ನೋಡು. ಯಾರಿಗೂ ಹೇಳಬೇಡ ಎಂದು ಈ ಸಲ ನಾನು ಎಲ್ಲೂ ಬರೆದಿಲ್ಲ.